ಇವರ ಲ್ಯಾಪ್‌ಟಾಪ್ ಬಿಚ್ಚಿದ್ದು

ಅಕ್ಟೋಬರ್ 8, ಮಂಗಳವಾರ

ನಾನ್ಜಿಯ ರಫ್ತು ವಲಯದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದಾಗ ಪಾಳಿ ಮುಗಿದ ಮೇಲೆ ಮೂರು ಸಾಲು ಬರೆಯಬೇಕಿತ್ತು: ಆದ ಕೆಲಸ, ಕಂಡ ದೋಷ, ದೋಷಕ್ಕೆ ಕಾರಣ. ಮದುವೆಯಾದ ಮೇಲೆ ಬಿಟ್ಟುಹೋಯಿತು. ಇವತ್ತಿನಿಂದ ಮತ್ತೆ ಬರೆಯುತ್ತೇನೆ. ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರಿಗೂ ಏನೂ ನೆನಪಿರುವುದಿಲ್ಲ.

ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ನರದ ಕಾಯಿಲೆಗೆ ಕೈಕಾಲು ಹೋಗಿ ಎರಡು ವರ್ಷ, ಮಾತು ಹೋಗಿ ಒಂಬತ್ತು ತಿಂಗಳು. ಈಗ ಉಸಿರಿನ ಸರದಿ ಎಂದರು ಡಾಕ್ಟರ್ ಫಾಂಗ್. ಆಕೆಗೆ ನನ್ನ ಮಗಳ ವಯಸ್ಸು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರೆ ಯಂತ್ರ ಉಸಿರಾಡಿಸುತ್ತದೆ, ವರ್ಷಗಟ್ಟಲೆ ಬದುಕಬಹುದು. ಇಡದಿದ್ದರೆ ಚಳಿಗಾಲ ದಾಟುವುದು ಕಷ್ಟ. ಯಾವುದೆಂದು ರೋಗಿಯೇ ಹೇಳಬೇಕಂತೆ, ನವೆಂಬರ್ ಮುಗಿಯುವುದರೊಳಗೆ.

"ಇಡಿ ಅಂತಾನೇ ಹೇಳ್ತಾರೆ. ಬರ್ಕೊಳ್ಳಿ," ಎಂದೆ.

"ಅವರೇ ಹೇಳ್ಲಿ ಅಮ್ಮ. ಕಣ್ಣಲ್ಲಿ ಹೇಳ್ತಾರಲ್ವಾ?"

ಮೇಲೆ ನೋಡಿದರೆ ಹೌದು, ರೆಪ್ಪೆ ಮುಚ್ಚಿ ಹಿಡಿದರೆ ಇಲ್ಲ. ಮನೆಯಲ್ಲಿ ಹಾಗೆ ನಡೆಯುತ್ತಿದೆ. ಡಾಕ್ಟರು ಬಗ್ಗಿ, ಕೊಳವೆ ಬೇಕೇ ಎಂದು ಕೇಳಿದರು. ಇವರು ಕಣ್ಣು ಮುಚ್ಚಿದರು.

ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಕರೆತಂದಿದ್ದೇವೆ, ನಿದ್ದೆ ಬಂದಿದೆ ಎಂದೆ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಅಂಗವಿಕಲರ ಸಾಧನ ಕೇಂದ್ರದವರು ಕಣ್ಣಿನ ಚಲನೆ ಹಿಡಿಯುವ ಒಂದು ಪಟ್ಟಿಯನ್ನು ಎರಡು ತಿಂಗಳ ಮಟ್ಟಿಗೆ ಎರವಲು ಕೊಡುತ್ತಾರೆ. ಅದನ್ನು ಲ್ಯಾಪ್‌ಟಾಪಿನ ಪರದೆಯ ಕೆಳಗೆ ಅಂಟಿಸಿದರೆ ಕಣ್ಣು ಯಾವ ಅಕ್ಷರ ನೋಡುತ್ತದೋ ಆ ಅಕ್ಷರ ಮೂಡುತ್ತದೆ.

ಅದೇ ಸರಿ. ಅಕ್ಷರದಲ್ಲಿ ಬರಲಿ. ರೆಪ್ಪೆ ಸಾವಿರ ಕಾರಣಕ್ಕೆ ಮುಚ್ಚುತ್ತದೆ.

ಅಕ್ಟೋಬರ್ 10, ಗುರುವಾರ

ಇವರ ಲ್ಯಾಪ್‌ಟಾಪ್ ಕಚೇರಿಗೆಂದೇ ಮಾಡಿದ್ದು. ಕಪ್ಪು, ಚೌಕ, ಇಟ್ಟಿಗೆಯ ಹಾಗೆ. ಎಂಟು ವರ್ಷ ನಮ್ಮ ಕಾರ್ಖಾನೆಯ ಸ್ಕ್ರೂ ಮಾರಲು ಇವರ ಜೊತೆ ಒಸಾಕಾ, ಹನೋಯ್ ಸುತ್ತಿದೆ. ಮುಚ್ಚಳದ ಮೂಲೆಗಳು ಸವೆದು ಬೆಳ್ಳಗಾಗಿವೆ. ಪಟ್ಟಿ ಅಂಟಿಸಿ ನೋಡಿದೆವು. ಇವರು ಒಂದು ಅಕ್ಷರ ನೋಡಿದರೆ ಮೂರು ಉಸಿರು ಕಳೆದ ಮೇಲೆ ಪಕ್ಕದ ಅಕ್ಷರ ಬೀಳುತ್ತದೆ. ಅರ್ಧ ಗಂಟೆಗೆ ಕಣ್ಣಲ್ಲಿ ನೀರು ಸುರಿಯಿತು.

ಕಾರ್ಖಾನೆಗೆ ರಜೆ, ಹಾಗಾಗಿ ಮೇಯ್‌ಛಿ ಮನೆಯಲ್ಲೇ ಇದ್ದಳು. ಇವರು ಮಲಗಿದ ಮೇಲೆ ಸ್ಕ್ರೂ ಕಾರ್ಖಾನೆ ನಡೆಸುವವಳು ಅವಳೇ. ಹೆಣ್ಣುಮಕ್ಕಳಲ್ಲಿ ಗಟ್ಟಿ, ನನ್ನ ಮಗಳಲ್ಲವೇ. ಆದರೆ ಬಾಯಿ.

"ಅಮ್ಮ, ಇವತ್ತೇ ಹೊಸದೊಂದು ತಂದುಬಿಡ್ತೀನಿ."

"ಹೊಸದು ಯಾರಿಗೆ ಬೇಕು? ಎಲ್ಲಾ ಬೆಸೆದು, ಅಂಟು ಮೆತ್ತಿ ಕೊಡ್ತಾರೆ. ನಾಳೆ ಕೆಟ್ರೆ ಬಿಚ್ಚೋಕೂ ಆಗಲ್ಲ."

"ಅಪ್ಪಂಗೆ ಮಾತಾಡೋಕೆ ಬೇಕಾಗಿರೋದಮ್ಮ, ಬಿಚ್ಚೋಕಲ್ಲ."

"ಇದು ಅವರ ಕಣ್ಣಿಗೆ ರೂಢಿಯಾಗಿರೋ ಪರದೆ. ಮೆಮೊರಿ ಹೆಚ್ಚಿಸಿ, ಒಳಗಿನ ಡಿಸ್ಕ್ ಬದಲಾಯಿಸಿದ್ರೆ ಕುದುರೆ ಹಾಗೆ ಓಡತ್ತೆ. ನಾನೇ ಮಾಡ್ತೀನಿ. ಆರು ವರ್ಷ ಬೋರ್ಡಿಗೆ ಬೆಸುಗೆ ಹಾಕಿದೋಳು ನಾನು, ಆಗ ನೀನು ಹುಟ್ಟೇ ಇರ್ಲಿಲ್ಲ."

"ನಾನು ಹೇಳ್ತಿರೋದೂ ಅದನ್ನೇ ಅಮ್ಮ. ಅಷ್ಟು ಹಳೇ ಕಥೆ ಅದು."

ಇವರ ಕಡೆ ತಿರುಗಿ, ನೋಡಿದಿರಾ ನಿಮ್ಮ ಮಗಳ ಮಾತು ಎಂದೆ. ಇವರು ಮೇಲೆ ನೋಡಿದರು. ಯಾರ ಪರವಾಗಿ ಎಂದು ಕೇಳಲಿಲ್ಲ.

ದೋಷ: ಯಂತ್ರ ನಿಧಾನ. ಕಾರಣ: ಮೂರು ವರ್ಷದಿಂದ ಯಾರೂ ಗಮನಿಸಿಲ್ಲ. ಮೇಯ್‌ಛಿ ಗಮನಿಸಬೇಕಿತ್ತು.

ಅಕ್ಟೋಬರ್ 15, ಮಂಗಳವಾರ

ಮೆಮೊರಿ ತರಲು ಕಾವೊಶಿಯೂಂಗ್ ಪೇಟೆಗೆ ರೈಲಿನಲ್ಲಿ ನಾನೇ ಹೋಗಿದ್ದೆ. ಅಂಗಡಿಯವನು "ಅಜ್ಜಿ, ಮನೆಯಲ್ಲಿ ಹುಡುಗರಿಲ್ವಾ, ಕಳಿಸಬಾರದಾ" ಎಂದ. ಎಷ್ಟು ಪಿನ್ನಿನದು, ಯಾವ ವೇಗದ್ದು ಎಂದು ನಾನು ಒಂದೇ ಉಸಿರಿಗೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಟ್ಟಿಕೊಟ್ಟ.

ಮನೆಗೆ ಬಂದು ಪೊಟ್ಟಣ ಒಡೆದರೆ ಹಳೆ ತಲೆಮಾರಿನದು. ನಡುವಿನ ಕಚ್ಚು ಒಂದು ಅಕ್ಕಿಕಾಳಿನಷ್ಟು ಆಚೆ ಇದೆ, ಇದರಲ್ಲಿ ಕೂರುವುದೇ ಇಲ್ಲ. ಅಂಗಡಿಯವನ ತಪ್ಪು. ನಾನು ಬರೆದುಕೊಂಡು ಹೋಗಿದ್ದ ಚೀಟಿಯಲ್ಲೂ ಅದೇ ಸಂಖ್ಯೆ ಇದೆ. ಆದರೂ ಅವನು ಕೇಳಬೇಕಿತ್ತು.

ಶುಕ್ರವಾರ ಮತ್ತೆ ಹೋಗಬೇಕು. ಅವಸರವೇನಿಲ್ಲ. ನವೆಂಬರ್ ಇನ್ನೂ ದೂರ.

ಅಕ್ಟೋಬರ್ 19, ಶನಿವಾರ

ಬಿಚ್ಚಿದೆ.

ಇವರನ್ನು ಮಹಡಿ ಹತ್ತಿಸಲು ಆಗದ ಕಾರಣ ಮಂಚ ಕೆಳಗಿನ ಕೋಣೆಯಲ್ಲಿ ದೇವರ ಮೇಜಿನ ಪಕ್ಕ ಇದೆ. ಮಂಚದ ಎದುರಿಗೇ ಮೇಜು ಹಾಕಿಸಿದೆ, ಇವರಿಗೂ ಕಾಣಲಿ ಎಂದು. ದಿಂಬು ಎತ್ತರಿಸಿ, ರಾತ್ರಿ ಹಾಕುವ ಉಸಿರಿನ ಮಾಸ್ಕ್ ತೆಗೆದು, ಕತ್ತು ನನ್ನ ಕಡೆಗೆ ತಿರುಗಿಸಿದಳು ಸುಮಿ. ಜಾವಾದವಳು, ಇವರನ್ನು ನೋಡಿಕೊಳ್ಳಲು ಬಂದು ಎರಡೂವರೆ ವರ್ಷವಾಯಿತು.

"ಅಜ್ಜಿ, ನಾನು ಟಾರ್ಚ್ ಹಿಡೀಲಾ?"

"ಬೇಡ. ನಿನ್ನ ಮೈಯಲ್ಲಿರೋ ವಿದ್ಯುತ್ತು ಸಾಕು ಇದನ್ನ ಸುಡೋಕೆ. ದೂರ ನಿಂತ್ಕೋ."

ಅವಳು ಇವರ ತಲೆದೆಸೆಗೆ ಹೋಗಿ ನಿಂತಳು. "ಅಜ್ಜಾ, ನೋಡಿ, ನನ್ನ ಮೈಯಲ್ಲಿ ಕರೆಂಟ್ ಇದೆಯಂತೆ. ಈ ತಿಂಗಳು ಬಿಲ್ ಕಟ್ಟೋದು ಬೇಡ." ಇವರ ಗಂಟಲಲ್ಲಿ ಗೊರ ಎಂದಿತು. ನಗು.

ಮೈಯ ವಿದ್ಯುತ್ತು ಇಳಿಯಲೆಂದು ನಲ್ಲಿ ಮುಟ್ಟಿ ಬಂದು, ಮಣಿಕಟ್ಟಿಗೆ ತಂತಿ ಕಟ್ಟಿಕೊಂಡೆ. ಚಾರ್ಜರ್ ಕಿತ್ತು ಯಂತ್ರ ಕವುಚಿದೆ. ಹಿಂಬದಿಯಲ್ಲಿ ಎಂಟು ಸ್ಕ್ರೂ. ಕಾಗದದ ಮೇಲೆ ಯಂತ್ರದ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಟ್ಟೆ. ಹಳೆ ಟೆಲಿಫೋನ್ ಕಾರ್ಡನ್ನು ಮಡಚುವ ಕೀಲಿನ ಕಡೆಯಿಂದ ತೂರಿಸಿ, ಅಂಚಿನುದ್ದಕ್ಕೂ ಒತ್ತುತ್ತ ಬಂದೆ. ಟಕ್ ಟಕ್ ಎಂದು ಕೊಂಡಿಗಳು ಬಿಟ್ಟವು. ಮೊದಲು ಬ್ಯಾಟರಿಯ ತಂತಿ ಬಿಡಿಸಿದೆ. ಇಷ್ಟೂ ವರ್ಷದ ಧೂಳು ಫ್ಯಾನಿನಲ್ಲಿ ಹಾಸಿಗೆಯಾಗಿತ್ತು, ಬ್ರಷ್ಷಿನಲ್ಲಿ ತೆಗೆದೆ. ಹಳೆ ಮೆಮೊರಿಯ ಎರಡು ಕಿವಿ ಅಗಲಿಸಿದರೆ ಅದು ತಾನೇ ತಲೆ ಎತ್ತಿತು. ಹೊಸದನ್ನು ಓರೆಯಾಗಿ ತೂರಿಸಿ ಅದುಮಿದೆ, ಕಿವಿಗಳು ಕಚ್ಚಿಕೊಂಡವು. ಡಿಸ್ಕ್ ಬದಲಾಯಿಸಿದೆ. ಅದರಲ್ಲಿದ್ದುದನ್ನೆಲ್ಲ ನಿನ್ನೆಯೇ ಹೊಸದಕ್ಕೆ ಇಳಿಸಿಟ್ಟಿದ್ದೆ. ನನ್ನ ಕೈ ಏನೂ ಮರೆತಿಲ್ಲ.

ಆ ಎಂಟು ಸ್ಕ್ರೂಗಳ ತಲೆ ಸವೆದಿತ್ತು. ಯಾವ ಊರಿನ ಮಾಲೋ. ಗಾಂಗ್‌ಶಾನಿನಲ್ಲಿ, ಸ್ಕ್ರೂವಿಗೇ ಹೆಸರಾದ ಊರಿನಲ್ಲಿ ಕೂತು, ನಲವತ್ತು ವರ್ಷ ಸ್ಕ್ರೂ ಮಾಡಿ, ನಮ್ಮ ಮನೆಯ ಯಂತ್ರಕ್ಕೆ ಸವೆದ ಸ್ಕ್ರೂ ಹಾಕುವುದೇ? ಅವನ್ನು ಕಸಕ್ಕೆ ಹಾಕಿ, ಪಕ್ಕದ ಕಾರ್ಖಾನೆಯಿಂದ ನಮ್ಮದೇ ಒಂದು ಮುಷ್ಟಿ ತಂದು, ಕಣ್ಣಳತೆಯಲ್ಲೇ ಆರಿಸಿ ಹಾಕಿದೆ. ಬಲಗಡೆಯ ಒಂದು ಕೊನೆಯ ಸುತ್ತಿನಲ್ಲಿ ಬಿಗಿಯಾಯಿತು. ಹೊಸ ಸ್ಕ್ರೂ ಹಾಗೆಯೇ. ಅಷ್ಟರಲ್ಲಿ ಇವರಿಗೆ ಆಯಾಸವಾಗಿರಬೇಕು, ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಗಟ್ಟಿಯಾಗಿ ಮುಚ್ಚಿದರು. ಸುಮಿ ಏನೋ ಹೇಳಲು ಬಂದಳು. ಕೆಲಸ ಮುಗಿಯೋವರೆಗೆ ಮಾತು ಬೇಡ ಎಂದೆ.

ಗುಂಡಿ ಒತ್ತಿದೆ. ಹನ್ನೊಂದು ಎಣಿಸುವುದರೊಳಗೆ ಪರದೆ ತೆರೆಯಿತು. ಮೊದಲು ನಾಲ್ಕು ನಿಮಿಷ ಬೇಕಿತ್ತು.

ದೋಷ: ಇಲ್ಲ.

ಅಕ್ಟೋಬರ್ 20, ಭಾನುವಾರ

ಪಟ್ಟಿಯ ತಂತಿ ಚುಚ್ಚಿದೆ. ದೀಪ ಹತ್ತಲಿಲ್ಲ. ಕಿತ್ತು ಮತ್ತೆ ಚುಚ್ಚಿದೆ. ಇಲ್ಲ.

ಯಂತ್ರ ಗಾಳಿಯಂತೆ ಓಡುತ್ತಿದೆ. ಆದ್ದರಿಂದ ಪಟ್ಟಿಯೇ ಕೆಟ್ಟಿದೆ. ಎರವಲು ಮಾಲಿನ ಹಣೆಬರಹ.

ಅಕ್ಟೋಬರ್ 24, ಗುರುವಾರ

ಪಟ್ಟಿಯನ್ನು ಕೇಂದ್ರಕ್ಕೆ ಕಳಿಸಿದೆ. ಮೇಯ್‌ಛಿ ತನ್ನ ಕಾರ್ಖಾನೆಯ ಲ್ಯಾಪ್‌ಟಾಪಿಗೆ ಒಂದು ಸಲ ಚುಚ್ಚಿ ನೋಡೋಣ ಎಂದಳು. ಅದರಲ್ಲಿ ಗ್ರಾಹಕರ ನಕ್ಷೆಗಳಿವೆ, ಏನಾದರೂ ಆದರೆ ಯಾರು ಹೊಣೆ ಎಂದೆ. ಅವಳು ಬಾಗಿಲು ಜೋರಾಗಿ ಎಳೆದುಕೊಂಡು ಹೋದಳು.

ಅಕ್ಟೋಬರ್ 31, ಗುರುವಾರ

ಇಂದಿನಿಂದ ಹಗಲೂ ಮಾಸ್ಕ್. ಊಟಕ್ಕೆ ಹೊಟ್ಟೆಯ ನಳಿಕೆ ಇದ್ದೇ ಇದೆ. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ. ಬೆಳಕಿಗಿರಬೇಕು. ಕಿಟಕಿಗೆ ಪರದೆ ಹಾಕಿಸಿದೆ.

ಕೇಂದ್ರದಿಂದ ಪಟ್ಟಿ ವಾಪಸ್ ಬಂತು. ಸರಿಯಾಗಿಯೇ ಇದೆ ಎಂದು ಚೀಟಿ ಅಂಟಿಸಿದ್ದಾರೆ. ಅವರು ಸರಿಯಾಗಿ ನೋಡಿಲ್ಲ.

ನವೆಂಬರ್ 5, ಮಂಗಳವಾರ

ಅಡುಗೆಮನೆಯಿಂದ ಬಂದರೆ ಸುಮಿ ಅಕ್ಷರಗಳ ಪ್ಲಾಸ್ಟಿಕ್ ಹಾಳೆಯನ್ನು ಇವರ ಮುಖದೆದುರು ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು.

"ಏನದು?"

"ಅಜ್ಜ ಹೇಳ್ತಿದ್ದಾರೆ ಅಜ್ಜಿ. ಎರಡು ಸಲ ಹೇಳಿದ್ರು. ಕೊಳವೆ ಬೇಡ ಅಂತ."

"ನಿನಗೆ ನಮ್ಮ ಅಕ್ಷರ ಎಲ್ಲಿಂದ ಬಂತು?"

"ಮಕ್ಕಳಿಗೆ ಮೊದಲು ಕಲಿಸೋ ಉಚ್ಚಾರಣೆ ಅಕ್ಷರ ಮೂವತ್ತೇಳೂ ಬರತ್ತೆ ಅಜ್ಜಿ. ಅಜ್ಜಾನೇ ಕಲಿಸಿದ್ದು, ಮಾತಿದ್ದಾಗ. ತಪ್ಪು ಮಾಡಿದ್ರೆ ನನ್ನ ಪಾಲಿನ ಪೇರಲೇಲಿ ಅರ್ಧ ಕಟ್ ಅಂತಿದ್ರು."

ಹಾಳೆ ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಕೈಯಲ್ಲಿ ಹಿಡಿದ ಹಾಳೆ ಅಲುಗುತ್ತದೆ. ಕಣ್ಣು ಯಾವುದನ್ನು ನೋಡಿತು, ಬೆರಳು ಎಲ್ಲಿತ್ತು, ಯಾರು ಸಾಕ್ಷಿ? ಇಂಥ ವಿಷಯಕ್ಕೆ ಅದು ಸಾಲದು. ಯಂತ್ರ ಸರಿಹೋಗಲಿ ಎಂದೆ.

ಸುಮಿ ಎದುರಾಡುವವಳಲ್ಲ. ಇವತ್ತು, "ಯಂತ್ರ ಯಾವಾಗ ಸರಿಹೋಗತ್ತೆ ಅಜ್ಜಿ?" ಎಂದು ಕೇಳಿದಳು.

ಇವರ ಕಡೆ ನೋಡಲಿಲ್ಲ. ಸಾರಿಗೆ ಉರಿ ಹೆಚ್ಚಾಗಿತ್ತು, ಹೋದೆ.

ನವೆಂಬರ್ 8, ಶುಕ್ರವಾರ

ಬರೆಯಲೇಬೇಕು, ಬರೆಯುತ್ತೇನೆ.

ತರಕಾರಿ ಮಾರುಕಟ್ಟೆಯಿಂದ ಬರುವಾಗ ಕೋಣೆಯಲ್ಲಿ ಮೇಯ್‌ಛಿಯ ನಗು ಕೇಳಿಸಿತು. ಲ್ಯಾಪ್‌ಟಾಪ್ ತೆರೆದಿತ್ತು, ಪಟ್ಟಿಯ ಹಸಿರು ದೀಪ ಉರಿಯುತ್ತಿತ್ತು.

"ಹೇಗೆ ಮಾಡಿದೆ?"

"ನಾನಲ್ಲಮ್ಮ, ಇವಳು."

ಸುಮಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ಆ ಕಡೇನೂ ಒಂದು ತೂತಿದೆ ಅಜ್ಜಿ. ಎಡಗಡೆ. ಅಲ್ಲಿ ಚುಚ್ಚಿದೆ ಅಷ್ಟೇ."

ಹತ್ತೊಂಬತ್ತು ದಿನ. ನಾನು ಬಲಗಡೆಯ ತೂತಿಗೇ ಚುಚ್ಚಿ, ಬಲಗಡೆಯದನ್ನೇ ಕಿತ್ತು, ಅದಕ್ಕೇ ಮತ್ತೆ ಚುಚ್ಚಿ ನೋಡಿದ್ದೇನೆ. ಕಾರ್ಖಾನೆಯಲ್ಲಿ ಹೊಸ ಹುಡುಗಿ ಹೀಗೆ ಮಾಡಿದ್ದರೆ ಅವಳನ್ನು ಬಾಗಿಲ ಆಚೆ ನಿಲ್ಲಿಸುತ್ತಿದ್ದೆ.

ಇವರ ಕಣ್ಣು ಪರದೆಯ ಮೇಲೆ ಓಡಾಡುತ್ತಿತ್ತು. ಹತ್ತು ತಿಂಗಳ ಮೇಲೆ ಇವರು ಆಡಿದ ಮೊದಲ ಮಾತಿಗೆ ಇಪ್ಪತ್ತು ನಿಮಿಷ ಹಿಡಿಯಿತು:

ಐದು ಹಾಕಿದೆ. ಮೂರು ಬೇಕಿತ್ತು.

ಮೇಯ್‌ಛಿಗೆ ಅರ್ಥವಾಗಲಿಲ್ಲ. ನನಗಾಯಿತು. ಇವರ ಕಣ್ಣೆದುರಿಗೇ ಯಂತ್ರ ಕವುಚಿ, ಬಲಗಡೆಯ ಸ್ಕ್ರೂ ಬಿಚ್ಚಿ, ವರ್ನಿಯರ್‌ನಲ್ಲಿ ಹಿಡಿದೆ. ಐದು ಮಿಲಿಮೀಟರ್. ಅಲ್ಲಿಗೆ ಬೇಕಾದದ್ದು ಮೂರು. ಮುಚ್ಚಳ ತೆಗೆದರೆ ಸ್ಕ್ರೂವಿನ ಮೊನೆ ಬೋರ್ಡಿನ ಅಂಚಿಗೆ ಹೊಕ್ಕು, ಬಲಗಡೆಯ ತೂತಿಗೆ ಹೋಗುವ ಕೂದಲೆಳೆಯಂಥ ಗೆರೆಯನ್ನು ಕತ್ತರಿಸಿತ್ತು. ನಮ್ಮ ಸ್ಕ್ರೂ. ನಮ್ಮ ಗುರುತು ಅದರ ತಲೆಯ ಮೇಲೆ ಹೊಳೆಯುತ್ತಿತ್ತು.

ಇವರು ಮಂಚದಲ್ಲಿ ಮಲಗಿಕೊಂಡು, ಆರು ಅಡಿ ದೂರದಿಂದ, ಒಂದು ಮುಷ್ಟಿ ಸ್ಕ್ರೂಗಳ ನಡುವೆ ಆ ಎರಡು ಮಿಲಿಮೀಟರ್ ಕಂಡಿದ್ದರು.

ಆವತ್ತು ಇವರಿಗೆ ನಿದ್ದೆ ಬಂದಿರಲಿಲ್ಲ.

ನವೆಂಬರ್ 9, ಶನಿವಾರ

ಏನೂ ಬರೆಯುವಂಥದ್ದಿಲ್ಲ.

ನವೆಂಬರ್ 12, ಮಂಗಳವಾರ

ದಿನಕ್ಕೆ ಮೂರು ನಾಲ್ಕು ಸಾಲು ಬರೆಯುತ್ತಾರೆ. ಪಟ್ಟಿ ಬಲಗಣ್ಣನ್ನು ಮಾತ್ರ ಹಿಡಿಯುತ್ತದೆ. ಎಡಗಣ್ಣು ಮುಕ್ಕಾಲು ಮುಚ್ಚಿದೆ.

ನಿನ್ನೆ ಬರೆದದ್ದು: ಮೂರನೇ ಯಂತ್ರದ ಸದ್ದು ಸರಿಯಿಲ್ಲ, ಅಚ್ಚು ಸವೆದಿದೆ, ಬದಲಾಯಿಸು. ಮೇಯ್‌ಛಿ ಹೋಗಿ ನೋಡಿದರೆ ನಿಜ. ಗೋಡೆಯಾಚೆಯ ಟಕಟಕ ಕೇಳಿಯೇ ಹೇಳಿದ್ದಾರೆ. ಅವಳು ಬಂದು ಇವರ ಕಾಲ ಹತ್ತಿರ ಕೂತು, "ಅಪ್ಪ, ಹತ್ತು ತಿಂಗಳಿಂದ ಇದನ್ನೆಲ್ಲಾ ಕೇಳಿಸ್ಕೊಂಡು ಸುಮ್ನೆ ಇದ್ರಾ? ತಲೆ ಕೆಡಲಿಲ್ವಾ?" ಎಂದಳು.

ಕೆಟ್ಟಿತು, ಎಂದು ಬರೆದರು.

ಇವತ್ತು ನನಗೆ: ಕುರಿಮಾಂಸದ ಸಾರಿಗೆ ಹುದುಗಿಸಿದ ಕಾಳಿನ ಮಸಾಲೆ ಕಡಿಮೆ. ವಾಸನೆಯಲ್ಲೇ ಗೊತ್ತು.

"ತಿನ್ನೋದು ನಾವು. ನಿಮಗೇನ್ರೀ ಕಷ್ಟ?" ಎಂದೆ. ಗಂಟಲಲ್ಲಿ ಗೊರ ಎಂದಿತು. ಸುಮಿ ಯಂತ್ರದಲ್ಲಿ ಕಫ ಎಳೆದಳು. ಎಳೆದು ಮುಗಿಯುವಾಗ ಇವರ ಮುಖ ನೀಲಿಯಾಗಿತ್ತು, ಬಣ್ಣ ಮರಳಲು ಬಹಳ ಹೊತ್ತು ಹಿಡಿಯಿತು.

ಮೇಯ್‌ಛಿ ಅಂಗಳದಲ್ಲಿ ನನ್ನ ತೋಳು ಹಿಡಿದಳು. "ಅಮ್ಮ, ಕೇಳ್ಬಿಡು."

"ನಾಳೆ."

"ದಿನಾ ನಾಳೆ ಅಂತೀಯ."

"ನಾಳೆ ಅಂದ್ನಲ್ಲಾ ಕಣೆ!"

ಕಸದ ಗಾಡಿಯ ಹಾಡು ಕೇಳಿಸಿತು. ಚೀಲ ಎತ್ತಿಕೊಂಡು ಬೀದಿಗೆ ಓಡಿದೆ.

ನವೆಂಬರ್ 17, ಭಾನುವಾರ

ಕೇಳಿದೆ.

ಸುಮಿಗೆ ಭಾನುವಾರದ ರಜೆ. ಮೇಯ್‌ಛಿಯನ್ನು ಹೊರಗೆ ಕಳಿಸಿದೆ. ದೇವರ ಮೇಜಿಗೆ ಊದುಕಡ್ಡಿ ಹಚ್ಚಿ, ಕೈ ತೊಳೆದು, ಕುರ್ಚಿ ಹಾಕಿಕೊಂಡು ಕೂತೆ. ರೀ, ಡಾಕ್ಟರಿಗೆ ಉತ್ತರ ಕೊಡಬೇಕು, ಗಂಟಲಿಗೆ ಕೊಳವೆ ಇಡಿಸೋಣ್ವಾ ಎಂದೆ. ಇಡಿಸೋಣ ಅನ್ನಿ ಎಂದೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು.

ರೆಪ್ಪೆ ಬಡಿಯಲಿಲ್ಲ. ಪರದೆಯನ್ನೇ ನೋಡಿದರು. ಅಕ್ಷರಗಳು ತಪ್ಪಿ ಬಿದ್ದವು, ಅಳಿಸಿದರು, ಮತ್ತೆ ಬರೆದರು. ಹಾಳೆ ಹಿಡಿದು ಅಲುಗಿಸುವ ಯಾವ ಕೈಯೂ ಅಲ್ಲಿರಲಿಲ್ಲ.

ಬೇಡ.

"ಯಾಕೆ?"

ಸಾಕಾಯಿತು.

"ನನಗೆ ಸಾಕಾಗಿಲ್ಲ," ಎಂದೆ. ದನಿ ಎತ್ತರಿಸಿಯೇ ಹೇಳಿದೆ. ನಲವತ್ತೊಂದು ವರ್ಷ ಇವರ ಎದುರು ದನಿ ಎತ್ತರಿಸಿ ನಾನು ಗೆಲ್ಲದ ಮಾತಿಲ್ಲ. ಮನೆ ಎಲ್ಲಿ ಕಟ್ಟಬೇಕು, ಯಾವ ಯಂತ್ರ ಕೊಳ್ಳಬೇಕು, ಮೇಯ್‌ಛಿ ಏನು ಓದಬೇಕು, ಎಲ್ಲ ನಾನು ಹೇಳಿದ ಹಾಗೆಯೇ ಆಯಿತು. ಸುಮಿ ಇದ್ದಾಳೆ, ನಾನಿದ್ದೇನೆ, ಯಂತ್ರದ ಉಸಿರೂ ಉಸಿರೇ, ಪಕ್ಕದ ಬೀದಿಯವರೊಬ್ಬರು ಹಾಗೆಯೇ ಏಳು ವರ್ಷದಿಂದ ಇದ್ದಾರೆ ಎಂದೆಲ್ಲ ಹೇಳಿದೆ. ಇನ್ನೂ ಏನೇನೋ ಹೇಳಿದೆ, ಬರೆಯುವುದಿಲ್ಲ.

ಇವರು ಕಾದರು. ನಾನು ಮುಗಿಸಿದ ಮೇಲೆ ಬರೆಯತೊಡಗಿದರು. ಊದುಕಡ್ಡಿ ಪೂರ್ತಿ ಉರಿದು ಬೂದಿ ಬಿತ್ತು, ಇನ್ನೂ ಬರೆಯುತ್ತಿದ್ದರು.

ಡಾಕ್ಟರಿಗೆ ನೀನೇ ಹೇಳು. ನೀನು ಹೇಳಿದರೆ ಯಾರೂ ಮರುಮಾತಾಡಲ್ಲ.

ಪರದೆ ಮುಚ್ಚಿದೆ. ಇವರ ಬಾಯಿ ಒರೆಸಿದೆ. ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಒಬ್ಬಳೇ ಬದಲಿಸಿದೆ. ಈಗ ಇವರು ಎಷ್ಟು ಹಗುರವೆಂದರೆ, ಅದಕ್ಕೆ ಇನ್ನೊಬ್ಬರು ಬೇಕಾಗಲಿಲ್ಲ.

ನವೆಂಬರ್ 23, ಶನಿವಾರ

ಬಲಗಣ್ಣನ್ನೂ ಪಟ್ಟಿ ಹಿಡಿಯುತ್ತಿಲ್ಲ. ಯಂತ್ರದ ದೋಷವಲ್ಲ. ಎಡಗಡೆ ಚುಚ್ಚಿದೆ, ಕೆಟ್ಟಿರುವ ಬಲಗಡೆಗೂ ಚುಚ್ಚಿ ನೋಡಿದೆ, ಮೇಯ್‌ಛಿಯ ಲ್ಯಾಪ್‌ಟಾಪಿಗೂ ಚುಚ್ಚಿಸಿದೆ.

ಹಾಳೆಯನ್ನು ಬೀರುವಿನಿಂದ ಇಳಿಸಿ ಸುಮಿಗೆ ಕೊಟ್ಟೆ. ಒಂದು ಗಂಟೆ ಹಿಡಿದಿದ್ದಳು. "ಅಜ್ಜ ಏನೂ ಹೇಳ್ತಿಲ್ಲ ಅಜ್ಜಿ. ಸುಮ್ನೆ ನನ್ನ ನೋಡ್ತಿದ್ದಾರೆ," ಎಂದಳು.

ಹತ್ತಿರ ಕೂತಿರು, ನೋಡಲಿ ಎಂದೆ.

ನವೆಂಬರ್ 26, ಮಂಗಳವಾರ

ಆಸ್ಪತ್ರೆ. ಇವರನ್ನು ಗಾಲಿಮಂಚದಲ್ಲೇ ಒಳಗೆ ತಳ್ಳಿಕೊಂಡು ಹೋದೆವು. ಡಾಕ್ಟರ್ ಫಾಂಗ್ ಇವರ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಕೈ ಹಿಡಿದುಕೊಂಡು ನಿಂತರು. ಪ್ರಶ್ನೆ ಕೇಳಿದರು. ರೆಪ್ಪೆ ಅರ್ಧ ಇಳಿದೇ ಇತ್ತು. ಕಣ್ಣು ಮೇಲೆ ಹೋಗಿದ್ದೂ ಅಲ್ಲ, ಮುಚ್ಚಿದ್ದೂ ಅಲ್ಲ. ಯಾರು ಏನು ಬೇಕಾದರೂ ಓದಿಕೊಳ್ಳಬಹುದಿತ್ತು. ಇನ್ನೊಂದು ಪರೀಕ್ಷೆ, ಇನ್ನೊಂದು ಯಂತ್ರ, ಇನ್ನೊಂದು ವಾರ ಎಂದು ನಾನು ಕೇಳಿದ್ದರೆ ಕೊಡುತ್ತಿದ್ದರು.

"ಬೇಡ ಅಂದಿದ್ದಾರೆ," ಎಂದೆ. "ಹದಿನೇಳನೇ ತಾರೀಖು, ಭಾನುವಾರ. ಅಕ್ಷರದಲ್ಲಿ. ಅದಕ್ಕೂ ಮುಂಚೆ ಈ ಸುಮಿ ಹತ್ರ ಎರಡು ಸಲ ಹೇಳಿದಾರೆ. ಅದಕ್ಕೂ ಮುಂಚೆ ನಿಮ್ಮ ಹತ್ರಾನೇ ಹೇಳಿದ್ರು, ಇದೇ ಕೋಣೇಲಿ."

ಮೇಯ್‌ಛಿ ಅಳತೊಡಗಿದಳು. ಹೊರಗೆ ಹೋಗಿ ಅಳು ಎಂದು ಬೈದೆ. ಹೋಗಲಿಲ್ಲ.

ಡಾಕ್ಟರು ಕಾಗದ ಮುಂದಿಟ್ಟರು. ಆಮೇಲೆ ಕೇಳಿದರು, "ಅಮ್ಮ, ನಿಮ್ಮ ಅಭಿಪ್ರಾಯ?"

"ನಂದು ಇಡಬೇಕು ಅಂತಲೇ. ಇವತ್ತಿಗೂ ಅದೇ. ಆದ್ರೆ ಗಂಟಲು ಅವರದು."

ಸಹಿ ಹಾಕಿದೆ, ನನ್ನ ಪೂರ್ತಿ ಹೆಸರು, ಕೋ ಯೂಛಾನ್. ಕೈ ಗಟ್ಟಿಯಾಗಿಯೇ ಇತ್ತು, ಅಕ್ಷರ ಶಾಲೆಯಲ್ಲಿ ಬರೆದಂತೆ ನೆಟ್ಟಗೆ ಬಂತು. ಇನ್ನು ಮುಂದೆ ಕೊಡುವುದು ನೋವಿಗೆ ಔಷಧಿ, ಉಸಿರು ಕಟ್ಟಿದಂತೆ ಆಗದಿರಲು ಔಷಧಿ, ಅಷ್ಟೇ. ಮನೆಗೇ ನರ್ಸ್ ಬರುತ್ತಾರೆ.

ಲಿಫ್ಟಿನ ಹತ್ತಿರ ಶೂ ದಾರ ಬಿಚ್ಚಿಹೋಗಿರುವುದು ಕಂಡಿತು. ಬಗ್ಗಿದೆ. ಬೆರಳುಗಳು ದಾರ ಹಿಡಿಯಲೇ ಇಲ್ಲ, ಎರಡು ಸಲ ಜಾರಿತು. ಸುಮಿ ಗಾಲಿಮಂಚದ ಬ್ರೇಕ್ ಹಾಕಿ ಬಂದು ನೆಲದ ಮೇಲೆ ಕೂತು ನನ್ನ ಪಾದವನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು. ಜನ ನೋಡುತ್ತಿದ್ದರು.

ಕಟ್ಟಿಸಿಕೊಂಡೆ. ಇನ್ನೊಂದು ಕಾಲಿನದನ್ನೂ.